ಚೀಲಸಿಂಹಕ್ಕೆ ಬಣ್ಣ

ನದಾಫ ಮೇಡಂ ತಂದುಕೊಟ್ಟದ್ದು
ಪ್ಲಾಸ್ಟರಿನ ಒಂದು ತಲಿಬುರುಡಿ,
ಕುಡಗೋಲಿನಂಥ ಹೆಬ್ಬೆರಳ ಉಗುರು.
‘ಆಸ್ಟ್ರೇಲಿಯಾದ್ದು. ಹೋಗಿ ನಲವತ್ತು ಸಾವಿರ ವರ್ಷಾತು.
ಕಾಲೇಜಿನ ಕಪಾಟಿಗೆ ಎಬ್ಬಿಸಿ ಕೊಡ್ರಿ.’

ಗೋಕಾಕದ ಈ ಓಣಿಯೊಳಗ
ನಾ ಮಾಡಿದ್ದೆಲ್ಲ ಕಂಡ ಹಣ್ಣು, ಕಂಡ ಹಕ್ಕಿ.
ಇದನ್ನ ಕಂಡವರು ಯಾರು?

ದವಡಿ ನೋಡಿದರ ಅಡಕೊತ್ತು.
ಭಾವಕ್ಯಾಗ ಯಾರದಾರ ಅಂತ ಕೇಳಿದರ
ಬಿಲ ತೋಡಿ ಹುಲ್ಲು ಮೇಯೋ ವೊಂಬ್ಯಾಟ್,
ಎಲಿ ತಿಂದು ಮರದಾಗ ತೂಕಡಿಸೋ ಕೋಲಾ.
ಸಾಧು ಮನಿತನದಾಗ
ಇಂಥಾ ಹಲ್ಲು!

ಸ್ನಾಯು ಹಿಡಕೊಂಡ ಗೆರಿ ಎಲುಬಿನ ಮ್ಯಾಲೈತಿ,
ಅಲ್ಲಿ ಮಾಂಸ ತುಂಬಿದೆ.
ಕಿವಿ ಎಷ್ಟುದ್ದ? ಎಲುಬಿಗೆ ಗೊತ್ತಿಲ್ಲ.
ಪಟ್ಟಿಯೋ, ಚುಕ್ಕಿಯೋ?
ಹೊಟ್ಟಿಚೀಲದ ಬಾಯಿ ಮುಂದೋ, ಹಿಂದೋ
ಮೇಡಂಗೂ ಗೊತ್ತಿಲ್ಲ.

ಹಿಂದೊಮ್ಮೆ, ಫೋಟೋ ಇಲ್ಲದ ಸತ್ತ ತವನಪ್ಪನ್ನ
ಮಗನ ಮೂಗು, ತಂಗಿಯ ಗದ್ದ ನೋಡಿ ಕಡೆದಿದ್ದೆ.
ಓಣಿಯೆಲ್ಲಾ ‘ಥೇಟ್ ಅಂವನ’ ಅಂತು.
ಹೆಂಡತಿ ಸೆರಗಿಲೆ ಮಾರಿ ಒರೆಸಿ ಕೇಳಿದಳು:
‘ಇಂವ ಯಾರ್ರಿ?’

ಬೂದು ಕಲಸಿ ಕುಂತೀನಿ,
ಕುಂಚದ ತುದಿ ಒಣಗಾಕತ್ತೈತಿ.
ಅಲ್ಲ ಅನ್ನಾಕ
ಇದಕ್ಕ ಒಬ್ಬಾಕಿಯೂ ಉಳಿದಿಲ್ಲ.