ಬೆಳೆದವರ ಹೆಸರು

ಡುಲೂತ್ ಊರಿನ ಸಹಕಾರಿ ಅಂಗಡಿಯಲ್ಲಿ
ಕಾಳುಕಡಿ ಕೊಳ್ಳುವ ಕೆಲಸ ನನ್ನದು.
ಇಪ್ಪತ್ತೊಂದು ಅಂಕಣದ ಒಂದು ಫಾರ್ಮು:
ಎಲ್ಲಿಂದ ಬಂತು, ಕೂಲಿ ಎಷ್ಟು ಸಂದಿತು,
ಮಕ್ಕಳು ದುಡಿದರೇ, ಹೊಳೆ ಕೆಟ್ಟಿತೇ.
ಬೊಲಿವಿಯಾದ ಕಿನೋವಾ, ಘಾನಾದ ಕೋಕೋ,
ಎಲ್ಲವೂ ಈ ಜರಡಿ ಹಾಯ್ದೇ
ಕಪಾಟು ಹತ್ತಬೇಕು.

ಸೆಪ್ಟೆಂಬರಿನ ಒಂದು ಮಂಗಳವಾರ, ಹಿಂಬಾಗಿಲಿಗೆ
ಬರ್ನಡೀನ್ ಹೂಲ್ ಬಂದಳು,
ತುಕ್ಕು ಹಿಡಿದ ಪಿಕಪ್ಪಿನಲ್ಲಿ ನಾಲ್ಕು ಚೀಲ ಹೇರಿಕೊಂಡು.
ಓಜಿಬ್ವೆ ಹೆಂಗಸು. ಅರವತ್ತು ದಾಟಿರಬೇಕು.
ತೋಳಿಗೆಲ್ಲ ಸೌದೆಯ ಹೊಗೆಯ ವಾಸನೆ.
ಚೀಲದೊಳಗೆ ಕೈಯಿಟ್ಟೆ: ನೀಳ ಕಾಳು,
ಬೂದಿಹಸಿರು, ಕಂದು, ಒಂದರಂತೆ ಒಂದಿಲ್ಲ.

ಕಪಾಟಿನಲ್ಲಿ ಆಗಲೇ ಒಂದಿದೆ, ಕಾಡಕ್ಕಿ ಎಂಬ ಹೆಸರಲ್ಲಿ:
ಕಡುಗಪ್ಪು, ಪಾಲಿಶ್ ಹಾಕಿದ ಬೂಟಿನ ಮಿಂಚು.
ಪೊಟ್ಟಣದ ಮೇಲೆ ದೋಣಿಯ ಚಿತ್ರ.
ಒಳಗಿನದು ಕ್ಯಾಲಿಫೋರ್ನಿಯಾದ ಗದ್ದೆಯದು,
ದೋಣಿಯನ್ನೇ ಕಾಣದ್ದು, ಯಂತ್ರ ಕೊಯ್ದದ್ದು.
ಬೆಲೆ ಇದರ ಮೂರರಲ್ಲೊಂದು ಪಾಲು.

"ಪ್ರಮಾಣಪತ್ರ?" ಅಂದೆ, ರೂಢಿಯಂತೆ.
ಅವಳು ಹೋಗಿ ಎರಡು ಕೋಲು ತಂದು
ಮೇಜಿನ ಮೇಲಿಟ್ಟಳು. ದೇವದಾರು. ಸೌಟಿನಷ್ಟು ಹಗುರ.
"ಒಂದರಿಂದ ತೆನೆ ಬಾಗಿಸು, ಇನ್ನೊಂದರಿಂದ ಸವರು.
ಬಡಿದೆಯೋ, ಗಿಡ ಮುರಿಯಿತು.
ಅರ್ಧ ದೋಣಿಗೆ ಬೀಳುತ್ತೆ, ಅರ್ಧ ನೀರಿಗೆ.
ನೀರಿಗೆ ಬಿದ್ದದ್ದು ಮುಂದಿನ ವರುಷದ್ದು, ಬಾತುಕೋಳಿಯದು.
ಬರೆದುಕೋ."

ಬರೆಯಲು ಅಂಕಣವಿಲ್ಲ.
ತಂದದ್ದಕ್ಕಿದೆ, ಬಿಟ್ಟದ್ದಕ್ಕಿಲ್ಲ.
ಹಕ್ಕಲು ಅಂತ ನಮ್ಮಲ್ಲೊಂದು ಮಾತುಂಟು,
ಕೊಯ್ದ ಮೇಲೂ ಹೊಲದಲ್ಲುಳಿಯುವ ತೆನೆ,
ಆಯುವವರದು, ಗುಬ್ಬಿಯದು.
ಷರಾದಲ್ಲಿ ಅದನ್ನೇ ಟೈಪಿಸಿದೆ. ಯಂತ್ರ
ಸಾಲಾಗಿ ಖಾಲಿ ಚೌಕ ತೋರಿಸಿತು.

"ಬೆಳೆದವರ ಹೆಸರು?"
"ಯಾರೂ ಬೆಳೆಯಲಿಲ್ಲ. ಕೆರೆ ಬೆಳೆಯಿತು."

ಆಗ ಸುಮ್ಮನಿರಬಹುದಿತ್ತು. ಹೇಳಿದೆ:
ನಮ್ಮಲ್ಲೂ ಇಂಥದ್ದಿದೆ, ನೀವಾರ, ದೇವಭತ್ತ,
ಯಾರೂ ಬಿತ್ತದ್ದು, ನೇಗಿಲು ಮುಟ್ಟದ್ದು.
ಋಷಿಪಂಚಮಿಗೆ, ಇದೇ ದಿನಗಳಲ್ಲಿ,
ಧಾರವಾಡದ ಚಂಪಾ ಮೌಶಿ ಅದನ್ನಷ್ಟೇ ಉಣ್ಣುತ್ತಿದ್ದಳು,
"ಎತ್ತು ದುಡಿದದ್ದು ಇವತ್ತೊಂದಿನ ಬ್ಯಾಡ" ಎಂದು.
ನೋಡು, ನಿಮ್ಮದೂ ನಮ್ಮದೂ ಒಂದೇ...

"ಇದಕ್ಕೆ ಹೆಸರಿದೆ," ಅಂದಳು. "ಮನೂಮಿನ್."
ದನಿ ಏರಿಸಲಿಲ್ಲ. ಆಮೇಲೆ, ಕೋಲು ಒರೆಸಿಕೊಳ್ಳುತ್ತ:
"ನಿನ್ನ ಮೌಶಿಗೆ ಅದನ್ನು
ಕೆರೆಯಿಂದ ಯಾರು ತಂದುಕೊಡುತ್ತಿದ್ದರು?"

ಯಾರು.
ಬುಟ್ಟಿ ಹೊತ್ತು ಹಿತ್ತಲಿಗೆ ಬರುತ್ತಿದ್ದ ಒಬ್ಬಳು.
ಮೊಣಕಾಲತನಕ ಕೆಸರು ಒಣಗಿ ಬಿಳುಚಿರುತ್ತಿತ್ತು.
ಹೊಸ್ತಿಲಾಚೆ ಕುಕ್ಕರಗಾಲಲ್ಲಿ ಕೂತು ಅಳೆಯುತ್ತಿದ್ದಳು.
ಎತ್ತಿಗೆ ಮರುಗಿದ ಮೌಶಿ ಇವಳೊಡನೆ
ಸೇರಿಗೆ ಎಂಟಾಣೆ ಇಳಿಸು ಅಂತ ಜಗ್ಗಿದಳು,
ದುಡ್ಡು ಮೇಲಿನಿಂದ ಬಿಟ್ಟಳು, ಅಂಗೈ ತಾಕದ ಹಾಗೆ.
ನಾನು ಒಳಗೆ ಮೊರ ಹಿಡಿದು ನಿಂತಿದ್ದೆ,
ಒಂದು ಕಾಳೂ ಚೆಲ್ಲಬಾರದೆಂದು.

ಹದಿನಾಲ್ಕನೆಯ ಅಂಕಣದಲ್ಲಿ ಹೂಲ್, ಬರ್ನಡೀನ್ ಎಂದು ಬರೆದೆ.
ಕೇಳಿದ ಬೆಲೆಗೇ ಕೊಂಡೆ. ಮ್ಯಾನೇಜರು ಗೊಣಗಿದ.
ಶುಕ್ರವಾರವೇ ಗಿರಾಕಿಯೊಬ್ಬರು ಪೊಟ್ಟಣ ತಿರುಗಿ ತಂದರು:
ಕಪ್ಪಗಿಲ್ಲವಲ್ಲ, ಇದು ನಕಲಿಯೇ?

ಆ ರಾತ್ರಿ ಮನೆಯಲ್ಲಿ ಒಂದು ಹಿಡಿ ಬೇಯಿಸಿದೆ.
ಇಪ್ಪತ್ತೇ ನಿಮಿಷಕ್ಕೆ ಬಿರಿದು ಅರಳಿತು.
ಉಪ್ಪು ಹಾಕಲಿಲ್ಲ. ತುಪ್ಪವನ್ನೂ.
ಧಾರವಾಡದಲ್ಲಿ ಆಗ ಬೆಳಗು,
ಮೌಶಿಯ ಮಗಳಿಗೆ ಫೋನು ಹಚ್ಚಿ ಕೇಳಿದೆ.

"ಆಕಿನಾ? ದೇವಭತ್ತದಾಕಿ," ಅಂದಳು.
ಹಿಂದೆ ಕುಕ್ಕರು ಒಂದು ಸಲ ಕೂಗಿತು.
"ಹೆಸರೇನು ಅಂದ್ರ... ಹಂಗ ಕರೀತಿದ್ವಲ್ಲ."