ಹೆಪ್ಪು

ಕುಶಾಲನಗರ, ಕೂಡ್ಲೂರಿನ ಶೆಡ್ಡು. ಫೆಬ್ರವರಿ.
ಪಕ್ಕದ ಕ್ಯೂರಿಂಗಿನಿಂದ ಹಾರಿದ ಕಾಫಿ ಹೊಟ್ಟು
ಬೆಸುಗೆ ಕಡ್ಡಿಯ ತುದಿಗೂ ಬಂದು ಕೂರುತ್ತದೆ,
ಸುಟ್ಟು ಸಣ್ಣಗೆ ಘಮ್ಮೆನ್ನುತ್ತದೆ.
ಬೀಜ ಆರಿಸುವ ಯಂತ್ರಕ್ಕೆ ಹೊಸ ಬೋರ್ಡು ಯಾವಾಗ ಬೇಕೆಂದು
ಉತ್ತಯ್ಯನವರು ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ ಹೋಗಿದ್ದಾರೆ,
ಪೆನ್ನಿನಿಂದಲ್ಲ, ಲೋಟದ ತಳದಿಂದ.

ಇಪ್ಪತ್ತೆರಡು ದಿನ.

ಮೊದಲ ಬೋರ್ಡಿಗೆ ಹಿಡಿದದ್ದು ಹನ್ನೊಂದು ತಿಂಗಳು.
ಐದು ವೋಲ್ಟಿನಿಂದ ಒಂದಕ್ಕಿಳಿಯುವ ಮೆಟ್ಟಿಲು,
ಗಡಿಯಾರದ ಹರಳು, ನೆನಪಿನ ಚಿಪ್ಪಿಗೆ
ಅಳೆದು ಅಳೆದು ಎಳೆದ ಸಮ ಉದ್ದದ ಗೆರೆಗಳು,
ಎಫ್‌ಪಿಜಿಎಯ ಹೊಟ್ಟೆಯಡಿ ಸಾಸಿವೆಯಂಥ
ನಾನೂರ ಎಂಬತ್ತನಾಲ್ಕು ಕಾಲು,
ಒಂದೊಂದಕ್ಕೂ ಕೈಯಾರೆ ಹೆಸರಿಟ್ಟೆವು.
ಕುಂಬಾರನಿಗೆ ವರುಷ, ಸರಿ.
ದೊಣ್ಣೆಗೆ ನಿಮಿಷವೂ ಬೇಕಾಗಲಿಲ್ಲ;
ಹಿಂದುಮುಂದಾದ ಡಯೋಡು ಒಂದು ಸಾಕಾಯಿತು.

ಆ ಸುಟ್ಟ ವಾಸನೆಯ ನಡುವೆ ಚೋಂದಮ್ಮ ಅಂದಳು:
'ದಿನಾ ರಾತ್ರಿ ಮೊಸರನ್ನು ಹೊಸದಾಗಿ ಯಾರು ಕಂಡುಹಿಡಿಯುತ್ತಾರೆ?
ಪಕ್ಕದ ಮನೆಯಿಂದ ಒಂದು ಚಮಚ ತರುತ್ತೇವೆ, ಅಷ್ಟೆ.'

ಅವಳೀಗ ಪೊನ್ನಂಪೇಟೆಯಲ್ಲಿ ಪಾಠ ಮಾಡುತ್ತಾಳೆ.
ಬಿಸ್ಕತ್ತಿನ ಡಬ್ಬಿ ನನ್ನ ಹತ್ತಿರ ಇದೆ:
ಬೆಂಕಿಪೊಟ್ಟಣದಗಲದ ತಾಯಿಬೋರ್ಡು,
ಎಲ್ಲಿ ಬೇಕಾದರೂ ಒತ್ತಿ ಕೂರಿಸಬಹುದು;
ಕ್ಯಾಮೆರಾ ಓದುವ ತುಣುಕು, ಗಾಳಿಕೊಳವೆ ಬಿಡುವ ತುಣುಕು;
ಕಾಲುಪಟ್ಟಿ ತಪ್ಪಿದರೆ ಕೆಂಪಗೆ ಕಿರುಚುವ ಸ್ಕ್ರಿಪ್ಟು,
ಅದರ ಬೈಗುಳವೂ ಅವಳದೇ ದನಿ.

ಒಂಬತ್ತನೇ ದಿನಕ್ಕೆ ಬೋರ್ಡು ಉಸಿರಾಡಿತು.
ನನಗೆ ಕೊಬ್ಬು ಬಂತು.

ಕೊಳವೆಯ ತುಣುಕಿನಲ್ಲೊಂದು ವಿಳಂಬ.
ದೂರದ ಲೆಕ್ಕದ್ದು ಆಗಲೇ ಇತ್ತು,
ಅದರ ಬೆನ್ನಿಗೆ ಇನ್ನೊಂದು, ಹದಿಮೂರು ಸಾಲಿನದು, ಕರಿ ಬೀಜಕ್ಕೆ ಮಾತ್ರ.
ಪಕ್ಕದಲ್ಲಿ ಟಿಪ್ಪಣಿ: 'ತೆಗೆಯಬೇಡ. ಕದೀಜುಮ್ಮನನ್ನು ಕೇಳು.'
ಕೇಳಲಿಲ್ಲ. ತೆಗೆದೆ.
ಮೇಜಿನ ಮೇಲಿನ ಪರೀಕ್ಷೆಯೆಲ್ಲ ಹಸಿರು.

ಯಂತ್ರದ ಜಾರಿನಲ್ಲಿ ಬೀಜ ಸುರಿದಾಗ
ಕರಿಯದು ತಣ್ಣಗೆ ಚೀಲಕ್ಕೆ ಬಿತ್ತು,
ಅದರ ಮುಂದಿನ ಒಳ್ಳೆಯದು
ಗಾಳಿಯೇಟಿಗೆ ಹಾರಿ ಕಸಕ್ಕೆ.

ಎರಡು ದಿನ ತಂತಿಗಳನ್ನು ಬೈದೆ.
ಮೂರನೇ ದಿನ, ಸಾಲಾಗಿ ಕೂತು ಬೀಜ ಆರಿಸುವ
ಹೆಂಗಸರ ಹಾಲಿಗೆ ಹೋದೆ.

'ಕರಿ ಬೀಜ ಹಗುರ, ಮೋಳೇ,'
ಮೊರ ಕೆಳಗಿಡದೆಯೇ ಕದೀಜುಮ್ಮ ಅಂದರು.
'ಒಳಗೆ ಪೊಳ್ಳು. ಕೇರುವಾಗ ನೋಡು,
ಒಳ್ಳೆಯದರ ಹಿಂದೆಯೇ ಬೀಳುತ್ತದೆ, ಒಂಚೂರು ತಡ.
ಆ ಹುಡುಗಿಗೂ ಹೇಳಿದ್ದೆ, ಬರೆದುಕೊಂಡಳು.'

ಒಂಚೂರು.
ಮೂವತ್ತು ವರ್ಷದ ಮಣಿಕಟ್ಟು, ಹದಿಮೂರು ಸಾಲು.

ಮರಳಿ ಹಾಕಿದೆ. ಈ ಯಂತ್ರದ ಜಾರು ಮೂರಿಂಚು ಉದ್ದ,
ಹದಿಮೂರು ಇಲ್ಲಿ ಹದಿನೇಳಾಯಿತು.
ಅಂಕಿಯನ್ನು ಒಳಗೆ ಹೂಳದೆ ಹೊರಗಿಟ್ಟು
ಹೆಸರು ಕೊಟ್ಟೆ: ಕದೀಜ.
ಮುಂದೆ ಯಾರೇ ಎತ್ತಿಕೊಂಡರೂ
ಮೊದಲು ಆ ಹೆಸರು ತುಂಬಿಸಬೇಕು, ಆಮೇಲೆ ಯಂತ್ರ.

ಉತ್ತಯ್ಯನವರ ಸುತ್ತಿಗೆ ಇನ್ನೂ ಆರು ದಿನ ಇತ್ತು.

ಬೋರ್ಡು ಕೂರಿಸಿದ ಸಂಜೆ ಅವರು ಬಂದು ನಿಂತರು,
ಗಾಜಿನಾಚೆ ಪಟಪಟ ಸಿಡಿಯುವುದನ್ನು ನೋಡಿದರು.
ಒಂದೂ ತಪ್ಪಲಿಲ್ಲ. ತಲೆದೂಗಿದರು.
'ಚೆನ್ನಾಗಿ ಕೇರುತ್ತದೆ,' ಅಂದರು. ಆಮೇಲೆ, ನನ್ನ ಕಡೆ ತಿರುಗದೆ,
'ಬರುವ ವರ್ಷ ಹಾಲಿನಲ್ಲಿ ಎಷ್ಟು ಜನ ಬೇಕಂತೆ?'

ಹೆಪ್ಪು ಕಡ ತಂದ ಬಟ್ಟಲನ್ನು
ಖಾಲಿ ಹಿಂದಿರುಗಿಸಬಾರದು ಅನ್ನುತ್ತಿದ್ದಳು ಅಮ್ಮ.
ಒಂದು ತುಂಡು ಬೆಲ್ಲ, ಇಲ್ಲವೆ ನಾಲ್ಕು ಮೆಣಸು,
ಏನಾದರೂ ಹಾಕಿಯೇ ಕೊಡುತ್ತಿದ್ದಳು.

ಡಬ್ಬಿ ಮುಚ್ಚುವ ಮೊದಲು
ಇವತ್ತೂ ಒಳಗೆ ನೋಡಿದೆ.