ಅಲ್ಲಾಡಬೇಡಿ

ಹನ್ನೊಂದು ವರ್ಷದಿಂದ ಒಂದೇ ಮಾತು ನನ್ನದು,
ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಿನೆದುರು, ಮಹಡಿಯ ಮೇಲೆ:
ಗದ್ದ ಚೂರು ಕೆಳಗೆ. ಕಿವಿ ಕಾಣಲಿ. ಹಾಂ,
ಅಲ್ಲಾಡಬೇಡಿ.
ರೇಷನ್ ಕಾರ್ಡಿಗೆ, ಪಿಂಚಣಿಗೆ, ಹಾಲ್ ಟಿಕೆಟ್ಟಿಗೆ,
ಎಂಟು ಪ್ರತಿಗೆ ಅರವತ್ತು ರೂಪಾಯಿ.
ನೀಲಿ ಪರದೆಯ ಮುಂದೆ ಇಡೀ ತಾಲ್ಲೂಕು
ಕದ್ದು ಸಿಕ್ಕಿಬಿದ್ದವರ ಹಾಗೆ ಕೂತು ಎದ್ದು ಹೋಗಿದೆ.

ಜುಲೈಯಲ್ಲಿ ಹನ್ನೆರಡು ಹುಡುಗಿಯರು ಬಂದರು,
ಹೈಸ್ಕೂಲಿನ ಖೋ ಖೋ ತಂಡ,
ಮೊಣಕಾಲ ತುಂಬ ಒಣಗಿದ ಗಾಯ,
ಅರ್ಹತೆಯ ಫಾರಮ್ಮಿಗೆ ಅಂಟಿಸಲು ಮುಖ ಬೇಕಿತ್ತು.
ಕತ್ತರಿಸಿ ಕೊಟ್ಟೆ. ಸಿಂಧುಜಾ ತನ್ನದನ್ನು ತಿರುಗಿಸಿ ಮುರುಗಿಸಿ ನೋಡಿ
"ಅಕ್ಕಾ, ಇದು ನಾನಲ್ಲ" ಅಂದಳು,
"ನಾನು ಓಡ್ತಾ ಇರ್ತೀನಿ."

ಸರಿ, ಓಡುವುದನ್ನೇ ಹಿಡಿಯೋಣವೆಂದು
ಕ್ಯಾಮರಾದ ಜೊತೆ ಬಂದಿದ್ದ ಲೆನ್ಸನ್ನೇ ಹಾಕಿಕೊಂಡು ಹೋದೆ.
ಮೊದಲ ಸಂಜೆಯ ಚಿತ್ರಗಳಲ್ಲಿ
ಕಂಬ ಸ್ಪಷ್ಟ, ಸುಣ್ಣದ ಗೆರೆ ಸ್ಪಷ್ಟ,
ಗಂಗಿರೆಡ್ಡಿ ಮೇಷ್ಟ್ರ ಹೊಟ್ಟೆ ಬಲು ಸ್ಪಷ್ಟ.
ಹುಡುಗಿಯರು ಮಾತ್ರ
ಸ್ಲೇಟಿನ ಮೇಲೆ ಒದ್ದೆ ಕೈ ಎಳೆದ ಹಾಗೆ.

ಹನ್ನೆರಡು ಸಾವಿರ ಇತ್ತು. ಅಂದರೆ
ಇನ್ನೂರು ಜನ ಅಲ್ಲಾಡದೆ ಕೂತ ದುಡ್ಡು.
ಕೋಲಾರದಲ್ಲಿ ಅಮ್ಜದ್, ಮದುವೆ ವಿಡಿಯೊದವನು,
ಟವೆಲ್ ಹಾಸಿ ಮೂರನ್ನು ಇಟ್ಟ.

ಒಂದು ಉದ್ದನೆಯದು, ಮುನ್ನೂರರವರೆಗೆ ಚಾಚುವಂಥದು.
ಕಿಟಕಿಯಿಂದ ಇಣುಕಿದರೆ ರಸ್ತೆಯಾಚೆ
ತಕ್ಕಡಿಯ ಮುಳ್ಳು ಕೂಡ ಕಂಡಿತು.
ಆದರೆ ಕಿರುಗಣ್ಣು. ಮಧ್ಯಾಹ್ನದ ಪ್ರಾಣಿ.
ಸಂಜೆ ಮೋಡದಲ್ಲಿ ಸೆಕೆಂಡನ್ನು ನೂರು ಹೋಳು ಮಾಡುವಷ್ಟರಲ್ಲಿ
ಅದಕ್ಕೆ ಏದುಸಿರು.
ಇನ್ನೊಂದು ಬಿಳಿಯದು, ಪೇಪರಿನವರ ಹೆಗಲ ಮೇಲಿನದು.
ಬೆಲೆ ನಾನು ಕೇಳಲಿಲ್ಲ. ಅವನೇ ಹೇಳಿ ನಕ್ಕ, ನಾನೂ ನಕ್ಕೆ.
ಮೂರನೆಯದು ಗಿಡ್ಡ. ಎಂಬತ್ತೈದು ಎಂ.ಎಂ., ಸೆಕೆಂಡ್ ಹ್ಯಾಂಡು,
ಜೂಮ್ ಇಲ್ಲ, ಅಂಚಿನಲ್ಲಿ ಗೀರು,
ಒಳಗೆ ಬಗ್ಗಿದರೆ ಬಾವಿಯ ಬಾಯಿ.
"ಅದಕ್ಕಿಂತ ಹತ್ತು ಪಾಲು ಬೆಳಕು ಕುಡಿಯತ್ತೆ ಮೇಡಂ.
ದೂರದ್ದನ್ನ ಮಾತ್ರ ಎಳ್ಕೊಂಡು ಬರಲ್ಲ.
ನೀವೇ ಹೋಗ್ಬೇಕು."

ದೂರವೋ, ಬೆಳಕೋ.
ಹನ್ನೊಂದೂಮುಕ್ಕಾಲಿಗೆ ಇಳಿಸಿದ.
ಬಸ್ಸಿನುದ್ದಕ್ಕೂ ಮಡಿಲಲ್ಲಿಟ್ಟುಕೊಂಡು
ತಪ್ಪು ಮಾಡಿದೆನೇ ಎಂದು ಮೂರು ಸಲ ಮುಚ್ಚಳ ಬಿಚ್ಚಿ ನೋಡಿದೆ.

ಫೈನಲ್ಲು ಮೂರು ಗಂಟೆಗೆ ಎಂದಿತ್ತು ಕರಪತ್ರ.
ಮುಖ್ಯ ಅತಿಥಿ ಬಂದದ್ದು ಐದೂಕಾಲಿಗೆ.
ಶಾಲು, ಹಾರ, ಶಿಸ್ತಿನ ಬಗ್ಗೆ ಭಾಷಣ.
ಸೀಟಿ ಊದುವಾಗ ಖಾಲಿ ಮಾವಿನ ಮಂಡಿಯ ಹಿಂದೆ
ಬೆಳಕು ಆಗಲೇ ಚೀಲ ಕಟ್ಟುತ್ತಿತ್ತು.

ಗೆರೆಯ ಅಂಚಿಗೆ ಕುಕ್ಕುರುಗಾಲಲ್ಲಿ ಕೂತೆ.
ನನ್ನ ಜೂಮು ನನ್ನ ಮಂಡಿಚಿಪ್ಪು:
ಒಂದು ಮಾರು ಹಿಂದೆ, ಒಂದು ಗೇಣು ಮುಂದೆ.
ಅಷ್ಟು ಹತ್ತಿರ ಹೋದರೆ ಕೇಳುವುದೇ ಬೇರೆ:
ಬೆನ್ನ ಮೇಲೆ ಅಂಗೈ ಬೀಳುವ ಸದ್ದು,
ಎದ್ದವಳ ಮೂಗಿನಿಂದ ಸಿಡಿಯುವ ಗಾಳಿ,
ಎದುರು ತಂಡದವಳೊಬ್ಬಳು ತನ್ನನ್ನೇ ತೆಲುಗಿನಲ್ಲಿ ಬೈದುಕೊಳ್ಳುವುದು.
ಸೆಕೆಂಡನ್ನು ಸಾವಿರ ಹೋಳು ಮಾಡಿದೆ.
ಒಂದೊಂದು ಹೋಳಿನಲ್ಲೂ ಒಬ್ಬೊಬ್ಬಳು ನಿಂತಳು,
ಜಡೆ ಗಾಳಿಯಲ್ಲಿ, ಧೂಳು ಮೊಣಕಾಲಿನೆತ್ತರಕ್ಕೆ ಬಿಡಿಬಿಡಿ.

ಸಿಂಧುಜಾ ಹಾರಿದ್ದು ಮಾತ್ರ ಆಚೆ ಕಂಬದಲ್ಲಿ.
ಒಂದು ಕೈ ಕಂಬಕ್ಕೆ, ಮೈಯೆಲ್ಲ ನೆಲಕ್ಕೆ ಸಮ,
ಬೆರಳ ತುದಿಯಲ್ಲಿ ಔಟು.
ನನ್ನ ಲೆನ್ಸಿಗೆ ಅವಳು ಹೆಸರುಕಾಳಿನಷ್ಟು.
ಮುನ್ನೂರು ಇದ್ದಿದ್ದರೆ ಹತ್ತಿರ ಬರುತ್ತಿದ್ದಳು,
ಮಸುಕು ಮಸುಕಾಗಿ.

ಎರಡು ಅಂಕದಲ್ಲಿ ಸೋತರು.

ಸೋಮವಾರ ಕೌಂಟರಿನ ಮೇಲೆ ಪ್ರಿಂಟು ಹರಡಿದೆ.
ಜಬೀನ್ ತನ್ನ ಹಲ್ಲು ನೋಡಿ ಬಾಯಿ ಮುಚ್ಚಿಕೊಂಡಳು.
ಮುನಿರತ್ನಾ ತಮ್ಮನಿಗೆ ತೋರಿಸಲು ಎರಡು ಕೇಳಿದಳು.
ಸಿಂಧುಜಾ ಕಾಳಿನಷ್ಟಿದ್ದ ತನ್ನನ್ನು
ಉಗುರಿನಿಂದ ಹುಡುಕಿ ಹಿಡಿದಳು:
"ನೋಡಕ್ಕಾ, ಕಾಲೆರಡೂ ನೆಲದ ಮೇಲಿಲ್ಲ."
ಪಾಸ್‌ಪೋರ್ಟ್ ಫೋಟೊದ ಕವರಿಗೆ ಅದನ್ನು ಮಡಿಸದೆ ತುರುಕಲು ನೋಡಿ,
ಆಗದೆ, ಲೆಕ್ಕದ ಪುಸ್ತಕದೊಳಗಿಟ್ಟುಕೊಂಡಳು.

ಮೆಟ್ಟಿಲಿಳಿಯುತ್ತ ಕೂಗಿದಳು:
"ಮುಂದಿನ ವರ್ಷ ಈ ಕಡೆ ಕಂಬದಲ್ಲೇ ಹಾರ್ತೀನಿ.
ನೀವು ಅಲ್ಲೇ ಕೂತಿರಿ ಅಕ್ಕಾ,
ಅಲ್ಲಾಡಬೇಡಿ."